ಷರಾ ಓದಿದವಳು

ವಿಶ್ವವಿದ್ಯಾಲಯದ ಆಡಳಿತ ಕಟ್ಟಡದಲ್ಲಿ, ಲಿಫ್ಟಿನ ಪಕ್ಕದ ಕಿಟಕಿಯಿಲ್ಲದ ಕೋಣೆಯಲ್ಲಿ, ಒಬ್ಬ ಹೆಂಗಸು ಹದಿನೇಳು ವರ್ಷ ಗುಮಾಸ್ತಗಿರಿ ಮಾಡಿದಳು. ಯಾವ ಅಧ್ಯಾಪಕರು ಹೇಗೆ ಪಾಠ ಮಾಡುತ್ತಾರೆಂದು ವಿದ್ಯಾರ್ಥಿಗಳು ಸೆಮಿಸ್ಟರಿನ ಕೊನೆಗೆ ತುಂಬಿಕೊಡುವ ಹಾಳೆಗಳೆಲ್ಲ ಅವಳ ಮೇಜಿಗೆ ಬರುತ್ತಿದ್ದವು. ಒಂದರಿಂದ ಐದರವರೆಗಿನ ಅಂಕಗಳನ್ನು ಕಂಪ್ಯೂಟರಿಗೆ ಏರಿಸಿ, ಸರಾಸರಿ ತೆಗೆದು, ಮೇಲಿನ ಮಹಡಿಗೆ ಕಳಿಸಬೇಕು. ಅದಕ್ಕೇ ಎಲ್ಲರ ಬಾಯಲ್ಲೂ ಅವಳು ಸರಾಸರಿ ಅಕ್ಕ. ಮೊದಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ ಹಾಗೆ ಕರೆದರೇ ತಿರುಗಿ ನೋಡುವಷ್ಟು ರೂಢಿಯಾಯಿತು.

ಹಾಳೆಯ ಕೆಳಗೆ 'ಷರಾ' ಎಂದು ನಾಲ್ಕು ಗೆರೆ ಇರುತ್ತಿದ್ದವು. ಅಲ್ಲಿ ವಿದ್ಯಾರ್ಥಿಗಳು ಬರೆದದ್ದನ್ನು ಯಾರೂ ಕೇಳುತ್ತಿರಲಿಲ್ಲ. ಕಂತೆ ಕಟ್ಟಿ ಬೀರುವಿಗೆ ಹಾಕಿದರೆ ಮೂರು ವರ್ಷಕ್ಕೆ ರದ್ದಿ. ಅವಳೊಬ್ಬಳು ಓದುತ್ತಿದ್ದಳು. ಆಸೆಪಟ್ಟು ಅಲ್ಲ, ಕಣ್ಣು ಅಲ್ಲಿಗೆ ಹೋಗುತ್ತಿತ್ತು ಅಷ್ಟೆ. 'ಸರ್ ತುಂಬಾ ಒಳ್ಳೆಯವರು, ಪಾಠ ಮಾತ್ರ ಬೇಡ' ಎಂಬುದಕ್ಕೆ ಒಬ್ಬಳೇ ಕೂತು ನಕ್ಕಿದ್ದಳು. ಮನೆಗೆ ಹೋದರೆ ಅತ್ತೆಯ ಮಂಡಿಗೆ ಮುಲಾಮು, ಗಂಡನ ಪಾಳಿಗೆ ತಕ್ಕ ಅಡುಗೆ. ಅಲ್ಲಿ ನಗುವುದಕ್ಕೆ ಪುರುಸೊತ್ತಿರಲಿಲ್ಲ.

ಒಂದು ಮಧ್ಯಾಹ್ನ ಗಣಿತದ ಮೇಡಂ ಬಂದರು. ಐವತ್ತರ ಹತ್ತಿರದವರು, ತೋಳಿಗೆಲ್ಲ ಸೀಮೆಸುಣ್ಣದ ಪುಡಿ. ಕೈಯಲ್ಲಿ ಮೇಲಿನ ಮಹಡಿಯ ಪತ್ರ: ಎರಡು ಸಲ ಸರಾಸರಿ ಮೂರಕ್ಕಿಂತ ಕಡಿಮೆ, ಸುಧಾರಿಸಿಕೊಳ್ಳತಕ್ಕದ್ದು.

"ಏನನ್ನ ಸುಧಾರಿಸ್ಕೋಬೇಕು ಅಂತ ಇದ್ರಲ್ಲಿ ಬರ್ದೇ ಇಲ್ವಲ್ಲ ಅಕ್ಕ?" ಎಂದರು ಮೇಡಂ. "ಇಷ್ಟು ಕಡಿಮೆ ಹಾಕಿದೋರು ಯಾರು, ಅದನ್ನಾದ್ರೂ ಹೇಳಿ."

"ಅದು ಹೇಳೋ ಹಾಗಿಲ್ಲ ಮೇಡಂ. ಹೇಳಿದ್ರೆ ನಾಳೆಯಿಂದ ಯಾರೂ ನಿಜ ಬರೆಯಲ್ಲ."

ಮೇಡಂ ಕುರ್ಚಿಯಲ್ಲಿ ಕುಸಿದು ಕೂತರು. "ಇಪ್ಪತ್ತೆರಡು ವರ್ಷ ಗಂಟಲು ಹರ್ಕೊಂಡಿದ್ದು ಹೊಳೇಲಿ ಹುಣಸೆಹಣ್ಣು ಕಿವುಚಿದ ಹಾಗಾಯ್ತು."

ಸರಾಸರಿ ಅಕ್ಕನಿಗೆ ಅವರ ಹಾಳೆಗಳು ನೆನಪಿದ್ದವು. ಬಾಯಿ ಬಿಟ್ಟರೆ ಕೆಲಸ ಮೈಮೇಲೆ ಬೀಳುತ್ತದೆಂದೂ ಗೊತ್ತಿತ್ತು. ಆದರೂ "ಕೈಬರಹ ತೋರ್ಸೋಕಾಗಲ್ಲ. ಷರಾ ಎಲ್ಲ ಟೈಪ್ ಮಾಡಿ ಕೊಡ್ತೀನಿ, ಮೂರು ದಿನ ಬಿಟ್ಟು ಬನ್ನಿ," ಎಂದಳು.

ಮೂರು ದಿನವೂ ಊಟದ ಬಿಡುವು ಅದಕ್ಕೇ ಹೋಯಿತು. ಐವತ್ತೆಂಟು ಹಾಳೆ. 'ಮುಖ ನೋಡಿದರೆ ನಿದ್ದೆ ಬರುತ್ತೆ' ಎಂಬುದನ್ನು ಬಿಟ್ಟುಬಿಡಲೇ ಎಂದುಕೊಂಡಳು. ಬಿಡಲಿಲ್ಲ.

ಮೇಡಂ ನಿಂತೇ ಓದಿದರು. ಆ ಸಾಲಿಗೆ ಬಂದಾಗ ತುಟಿ ಬಿಗಿಯಿತು. "ನಾನೇನು ಸಿನಿಮಾ ನಟಿನಾ?"

"ಬಿಡಿ ಮೇಡಂ, ಅದು ಯಾರೋ ಒಬ್ಬರ ಕಿಡಿಗೇಡಿತನ. ಒಂದೇ ಮಾತನ್ನ ಎಷ್ಟು ಜನ ಹೇಳಿದಾರೆ, ಅದನ್ನ ನೋಡಿ."

ಪೆನ್ಸಿಲಿನಲ್ಲಿ ಗುರುತು ಹಾಕಿ ತೋರಿಸಿದಳು. ಇಪ್ಪತ್ತಾರು ಜನರ ದೂರು ಒಂದೇ: ಮೇಡಂ ಬೋರ್ಡಿನ ಜೊತೆ ಮಾತಾಡುತ್ತಾರೆ, ನಾವು ಬರೆದುಕೊಳ್ಳುವ ಮುಂಚೆ ಅಳಿಸುತ್ತಾರೆ.

"ಒಬ್ಬರಾದ್ರೂ ಕ್ಲಾಸಲ್ಲೇ ಹೇಳಬಹುದಿತ್ತು."

"ಕೇಳಿದವರು ಯಾರು ಮೇಡಂ? ನಾವು ಕೇಳೋದು ಕೊನೇ ವಾರ. ಅಷ್ಟೊತ್ತಿಗೆ ಅವರು ಗಂಟುಮೂಟೆ ಕಟ್ಟಿರ್ತಾರೆ. ಹೇಳಿ ಅವರಿಗೇನು ಬಂತು?"

ಮೇಡಂ ಹಾಳೆಗಳನ್ನು ಮಡಿಸಿಕೊಂಡು ಹೊರಟರು. ಮುಂದಿನ ಸೆಮಿಸ್ಟರಿನ ಆರನೇ ವಾರ ತಾವೇ ತರಗತಿಗೆ ಅರ್ಧರ್ಧ ಹಾಳೆ ಹಂಚಿದರು. ಹೆಸರು ಬೇಡ, ಎರಡೇ ಪ್ರಶ್ನೆ: ಯಾವುದು ಹೀಗೇ ಇರಲಿ, ಯಾವುದು ಬದಲಾಗಲಿ. ಮರುದಿನ ಉತ್ತರವನ್ನೂ ಹೇಳಿದರು: ಇನ್ನು ಮೇಲೆ ಕೇಳಿಯೇ ಅಳಿಸುತ್ತೇನೆ, ಲೆಕ್ಕ ಕೊಡುವುದನ್ನು ಮಾತ್ರ ಕಡಿಮೆ ಮಾಡುವುದಿಲ್ಲ, ಕೈಯಲ್ಲಿ ಮಾಡದೆ ಗಣಿತ ಬರುವುದಿಲ್ಲ. ತರಗತಿ ಗೊಣಗಿತು, ಆದರೆ ಒಪ್ಪಿತು. ಬೋರ್ಡಿಗೆ ಬೆನ್ನು ಮಾಡಿ ಮಾತಾಡುವುದೇ ಕಷ್ಟವಾಯಿತು. "ಹುಟ್ಟುಗುಣ ಸುಟ್ಟರೂ ಹೋಗಲ್ಲ, ನಾನು ಆ ಕಡೆ ತಿರುಗಿದರೆ ಬೆಂಚು ತಟ್ಟಿ," ಎಂದರು. ಮೊದಲ ವಾರ ತಟ್ಟಿದ್ದೂ ತಟ್ಟಿದ್ದೇ.

ಆ ಸಲ ಸರಾಸರಿ ಮೂರು ಪಾಯಿಂಟ್ ಒಂದು. ಮೇಲಿನಿಂದ 'ತೃಪ್ತಿಕರ' ಎಂದು ಒಂದು ಪದ ಬಂತು. ಹೇಗಾಯಿತೆಂದು ಯಾರೂ ಕೇಳಲಿಲ್ಲ.

ಸರಾಸರಿ ಅಕ್ಕ ಒಂದು ದಿನ ಧೈರ್ಯ ಮಾಡಿ ಮೇಲಿನ ಮಹಡಿಯ ಸಾಹೇಬರ ಮುಂದೆ ನಿಂತಳು. "ಸರ್, ಷರಾನೂ ಟೈಪ್ ಮಾಡಿ ಅಧ್ಯಾಪಕರಿಗೆ ಕಳಿಸೋಣ. ಸೆಮಿಸ್ಟರ್ ಮಧ್ಯದಲ್ಲಿ ಒಂದ್ಸಲ ಕೇಳೋಣ."

"ಒಳ್ಳೇ ಮಾತಮ್ಮ," ಎಂದರು ಸಾಹೇಬರು, ಸಹಿ ಹಾಕುತ್ತಲೇ. "ಆದ್ರೆ ಮುಂದಿನ ವರ್ಷದಿಂದ ಎಲ್ಲ ಆನ್‌ಲೈನ್. ಷರಾ ಕಾಲಮ್ಮೇ ತೆಗೀತಿದೀವಿ. ನಿಮಗೂ ತಲೆನೋವು ತಪ್ತು."

ಅವಳನ್ನು ಹಾಲ್ ಟಿಕೆಟ್ ವಿಭಾಗಕ್ಕೆ ಹಾಕಿದರು, ದಿನವಿಡೀ ಕೌಂಟರಿನಲ್ಲಿ ನಿಲ್ಲುವ ಕೆಲಸ. ಆನ್‌ಲೈನಿನಲ್ಲಿ ಅರವತ್ತು ಜನರ ತರಗತಿಯಲ್ಲಿ ಒಂಬತ್ತು ಜನ ತುಂಬಿದರಂತೆ. ಅದಕ್ಕೂ ಸರಾಸರಿ ತೆಗೆದರಂತೆ. ಕೇಳಿದಾಗ ಅವಳಿಗೆ ದುಃಖವೇನೂ ಆಗಲಿಲ್ಲ. ಸುಸ್ತಾಯಿತು, ಅಷ್ಟೆ.

ಕೆಲವು ತಿಂಗಳಾದ ಮೇಲೆ ಕ್ಯಾಂಟೀನಿನ ಸಾಲಿನಲ್ಲಿ, ಅವಳ ಮುಂದೆ ನಿಂತಿದ್ದ ಇಬ್ಬರು ಹೊಸ ಅಧ್ಯಾಪಕರ ಮಾತು ಕಿವಿಗೆ ಬಿತ್ತು.

"ನನ್ನ ದನಿ ಹಿಂದಿನ ಬೆಂಚಿಗೆ ಕೇಳ್ಸೋದೇ ಇಲ್ವಂತೆ ಕಣೋ."

"ಯಾರಂದ್ರು?"

"ಹುಡುಗರೇ. ಗಣಿತದ ಮೇಡಂ ಮಾಡ್ತಾರಲ್ಲ, ಹಾಗೇ ಚೀಟಿ ಹಂಚಿದ್ದೆ."

ಅವರಿಗೆ ಇವಳ ಗುರುತಿರಲಿಲ್ಲ. ಇವಳೂ ಹೇಳಿಕೊಳ್ಳಲಿಲ್ಲ. ಚಹಾ ತೆಗೆದುಕೊಂಡು ಖಾಲಿ ಬೆಂಚಿನ ಮೇಲೆ ಕೂತು, ಚಪ್ಪಲಿ ಬಿಚ್ಚಿ, ಬಾತ ಪಾದಗಳನ್ನು ನೆಲದ ತಣ್ಣನೆಯ ಕಲ್ಲಿಗೆ ಒತ್ತಿದಳು. ಅರ್ಧ ಗಂಟೆಯ ಬಿಡುವು. ಆ ದಿನ ಅದನ್ನು ಪೂರ್ತಿ ಕೂತೇ ಕಳೆದಳು.