ಮಾವನ ಕಿವಿ ಮತ್ತು ಕರಿ ಡಬ್ಬಿ

ನಮ್ಮ ಮನೆಯಲ್ಲಿ ಯಾವ ಯಂತ್ರ ಕೆಟ್ಟರೂ ಸ್ಕ್ರೂಡ್ರೈವರ್ ಕೊನೆಗೆ ನನ್ನ ಕೈಗೇ ಬರುತ್ತದೆ. ಹೊಲಿಗೆ ಯಂತ್ರದ ಮುಂದೆ ಅರ್ಧ ಆಯುಷ್ಯ ಕಳೆದವಳು ನಾನು. ದಾರ ಹರಿದರೆ ತಪ್ಪು ದಾರದ್ದೋ ಸೂಜಿಯದೋ ನನ್ನ ಕಾಲಿನದೋ ಎಂದು ಒಂದೊಂದಾಗಿ ನೋಡಿಯೇ ನಾನು ಮಾತಾಡುವುದು. ನಮ್ಮ ಮನೆಯವರದು ಬೇರೆ ಪದ್ಧತಿ. ಅವರು ಮೊದಲು ತೀರ್ಪು ಕೊಡುತ್ತಾರೆ, ಆಮೇಲೆ ನೋಡುತ್ತಾರೆ. ಶಹಾಬಾದಿನ, ನೆಲಕ್ಕೆ ಹಾಸುವ ಫರಸಿ ಕಲ್ಲು ಕೊಯ್ಯುವ ಕಾರ್ಖಾನೆಯೊಂದರಲ್ಲಿ ಅವರು ಮೇಸ್ತ್ರಿ. ಅಲ್ಲಿ ಅದು ನಡೆಯುತ್ತದೇನೋ, ಮನೆಯಲ್ಲಿ ನಡೆಯಲು ನಾನು ಬಿಡುವುದಿಲ್ಲ.

ದೀಪಾವಳಿಗೆ ಹೊಸ ಟಿವಿ ತಂದೆವು. ಸೇಡಂಗೆ ಕೊಟ್ಟ ಮಗಳು ಹಬ್ಬಕ್ಕೆ ಬರುವಾಗ ಅಂಗೈಯಷ್ಟು ಅಗಲದ ಕರಿ ಡಬ್ಬಿಯೊಂದನ್ನು ತಂದು ಅದಕ್ಕೆ ಜೋಡಿಸಿದಳು. ಅದರಿಂದ ಇಂಟರ್ನೆಟ್ಟಿನ ಸಿನಿಮಾ ನೋಡಬಹುದು, ಪೆನ್ ಡ್ರೈವ್ ಚುಚ್ಚಿ ನಮ್ಮದೇ ವಿಡಿಯೋ ನೋಡಬಹುದು. ಎಲ್ಲರಿಗಿಂತ ಹಿಗ್ಗಿದವರು ಮಾವ. ಅತ್ತೆ ಹೋದ ಮೇಲೆ ಸಂಜೆಯ ಹೊತ್ತು ಅವರಿಗೆ ಭಾರವಾಗಿತ್ತು. ಶನಿವಾರವೊಂದೇ ಹಗುರ. ಅವತ್ತು ಓಣಿಯ ಹನುಮಪ್ಪನ ಗುಡಿಯಲ್ಲಿ ಭಜನೆ, ತಬಲಾ ಮಾವನದು. ಆ ಜಾಗದಲ್ಲಿ ಬೇರೆಯವರು ಕೂತದ್ದನ್ನು ನಾನು ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಕಂಡಿಲ್ಲ.

ಡಬ್ಬಿ ಬಂದ ವಾರದಲ್ಲೇ ತಕರಾರು ಶುರುವಾಯಿತು. ಸಿನಿಮಾ ಹಚ್ಚಿದರೆ ಹೊಡೆದಾಟಕ್ಕೆ ಗೋಡೆ ನಡುಗುತ್ತಿತ್ತು, ಹಾಡು ಓಣಿಯ ತುದಿಗೆ ಕೇಳುತ್ತಿತ್ತು. ಆದರೆ ಇಬ್ಬರು ಎದುರುಬದುರು ನಿಂತು ಮಾತಾಡಿದರೆ ತುಟಿ ಅಲ್ಲಾಡುವುದಷ್ಟೇ ಕಾಣುತ್ತಿತ್ತು. ಮಾವ ರಿಮೋಟ್ ಒತ್ತಿ ದನಿ ಏರಿಸುತ್ತಿದ್ದರು, ಅಷ್ಟರಲ್ಲಿ ಬಾಂಬು ಸಿಡಿಯುತ್ತಿತ್ತು, ನಮ್ಮ ಮನೆಯವರು ರಿಮೋಟ್ ಕಸಿದು ಇಳಿಸುತ್ತಿದ್ದರು.

"ಮಾತೇ ಕೇಳವಲ್ದಲ್ಲೋ," ಎಂದು ಮಾವ ಅಂದರೆ, "ನನಗ ಬರೋಬರಿ ಕೇಳಲಿಕತ್ತದ. ನಿನ್ನ ಕಿವಿ ಹೋಗ್ಯಾವಪ್ಪಾ," ಎಂದು ಇವರು ಅನ್ನುವರು.

ಇವರಿಗೆ ಕೇಳುತ್ತಿತ್ತು ಅನ್ನುವುದು ಶುದ್ಧ ಸುಳ್ಳು. ಇವರು ಸಿನಿಮಾ ನೋಡುವುದು ಹೊಡೆದಾಟಕ್ಕೆ. ಮಾತು ಬಂದಾಗ ಮೊಬೈಲ್ ನೋಡುತ್ತಾರೆ. ನಾನೋ, ಆ ಹೊತ್ತಿಗೆ ಪಕ್ಕದಲ್ಲೇ ಹೊಲಿಗೆ ಯಂತ್ರ ತುಳಿಯುತ್ತಿದ್ದೆ. ಕೂತು ಮನಸ್ಸಿಟ್ಟು ಕೇಳುತ್ತಿದ್ದವರು ಮಾವ ಒಬ್ಬರೇ, ಹಾಗಾಗಿ ಕೇಳುವುದಿಲ್ಲ ಅಂದವರೂ ಅವರೊಬ್ಬರೇ.

ಒಮ್ಮೆ ಕಿವುಡ ಎಂಬ ಹೆಸರು ಬಿತ್ತೆಂದರೆ ಮುಗಿಯಿತು. ಮಾವನೂ ಕಲ್ಲು ಕೊಯ್ಯುವ ಗರಗಸದ ಮುಂದೆ ದುಡಿದವರೇ, ಆದ್ದರಿಂದ ಓಣಿಯವರು ತಕ್ಷಣ ನಂಬಿದರು. ಹಾಲು ಹಾಕುವವನು ಅವರ ಕಿವಿಯ ಹತ್ತಿರ ಬಂದು ಕೂಗತೊಡಗಿದ. ಇವರು ಊಟಕ್ಕೆ ಕರೆಯುವುದನ್ನು ಬಿಟ್ಟು ಕೈಸನ್ನೆ ಮಾಡತೊಡಗಿದರು. ಮಾವ ಎದುರಿಗೇ ಕೂತಿದ್ದರೂ, "ಅಪ್ಪ ಔಷಧ ತಗೊಂಡನೇನು?" ಎಂದು ನನ್ನನ್ನು ಕೇಳುವರು. ನೋಡಿ ನೋಡಿ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ಸಂಜೆ ನಾನು ರೊಟ್ಟಿ ಬಡಿಯುತ್ತಿದ್ದಾಗ ಇವರು ಅಡುಗೆಮನೆಗೆ ಬಂದು, ಅಪರೂಪಕ್ಕೆ, ದನಿ ತಗ್ಗಿಸಿ ಮಾತಾಡಿದರು. "ಅಪ್ಪಗ ತಬಲಾ ಬಿಡಸಬೇಕು. ನಾಳೆ ಮಂದಿ ಮುಂದ ತಾಳ ತಪ್ಪಿದ್ರ ನಾ ಮಾರಿ ಎಲ್ಲಿ ಇಟ್ಕೊಳ್ಲಿ?"

ನಾನು ಬಡಿಯುವುದನ್ನು ನಿಲ್ಲಿಸಿ, "ತಾಳ ತಪ್ಪಿದ ದಿನ ಹೇಳ್ರಿ, ಇವತ್ತ ಬ್ಯಾಡ," ಎಂದು ಗದರಿದೆ. ಮಾವ ಹೊರಗೆ ಕಟ್ಟೆಯ ಮೇಲೆ ಕೂತಿದ್ದರು.

ಮರುದಿನ ಬೆಳಿಗ್ಗೆ ಮಾವ ತಬಲಾ ಶ್ರುತಿ ಮಾಡುವ ಪುಟ್ಟ ಸುತ್ತಿಗೆಯನ್ನು ಒರೆಸಿ, ತಾವೇ ಒಯ್ದು, ಹಾರ್ಮೋನಿಯಂ ನುಡಿಸುವ ಪಕ್ಕದ ಮನೆಯ ಗೆಳೆಯನಿಗೆ ಕೊಟ್ಟು ಬಂದರು. ಬರುವ ಶನಿವಾರದಿಂದ ತಬಲಾಕ್ಕೆ ಬೇರೆಯವರನ್ನು ನೋಡಿಕೊಳ್ಳಿ ಎಂದರಂತೆ. ಯಾಕೆಂದು ಕೇಳಿದೆ. "ಕಿವಿ ಹೋದವ್ರಿಗಿ ತಬಲಾ ಯಾಕವ್ವಾ," ಎಂದು ನಕ್ಕರು.

ಮಾವನ ಕಿವಿ ಸರಿಯಾಗಿಯೇ ಇದೆ ಎಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಡಬ್ಬಿಯ ಗೊಡವೆಯಿಲ್ಲದೆ ಬರುವ ಟಿವಿಯ ವಾರ್ತೆ ಅವರಿಗೆ ಕೇಳುತ್ತಿತ್ತು. ನನ್ನ ಹೊಲಿಗೆ ಯಂತ್ರಕ್ಕೆ ಎಣ್ಣೆ ಬೇಕಾಗಿದೆ ಎಂದು ಪಡಸಾಲೆಯಿಂದಲೇ ಹೇಳುತ್ತಿದ್ದವರೂ ಅವರೇ. ಅದೇ ಕಿವಿ ಸಿನಿಮಾಕ್ಕೆ ಮಾತ್ರ ಕಿವುಡಾಗುವುದು ಹೇಗೆ? ತಪ್ಪು ಡಬ್ಬಿಯಲ್ಲಿದೆ. ಅದನ್ನು ಶನಿವಾರದೊಳಗೆ ಹಿಡಿಯುತ್ತೇನೆ ಎಂದು ಸೆರಗು ಸಿಕ್ಕಿಸಿದೆ.

ನಡುಮಧ್ಯಾಹ್ನ, ಇವರಿಗೆ ರಜೆಯ ದಿನ. ಹೊಲಿಗೆ ನಿಲ್ಲಿಸಿ, ಫ್ಯಾನ್ ಆರಿಸಿ ಟಿವಿಯ ಮುಂದೆ ಕೂತೆ. ಮೊದಲು ನೋಡಿದ್ದು ದನಿಯ ಮಟ್ಟ. ಟಿವಿಗೊಂದು ರಿಮೋಟ್, ಡಬ್ಬಿಗೊಂದು ರಿಮೋಟ್, ದನಿಯೂ ಎರಡು ಕಡೆ. ಟಿವಿಯದು ಮೇಲಿತ್ತು, ಡಬ್ಬಿಯದು ಅರ್ಧದಲ್ಲಿತ್ತು. ಅದನ್ನು ಪೂರ್ತಿ ಏರಿಸಿದೆ. ಬಾಂಬು ಇನ್ನೂ ಜೋರಾಗಿ ಸಿಡಿಯಿತು, ಮಾತು ಇದ್ದಲ್ಲೇ ಇತ್ತು. ಅಂದರೆ ದನಿ ಕಡಿಮೆ ಬರುತ್ತಿಲ್ಲ, ಹಂಚಿಕೆಯಲ್ಲಿ ಮೋಸವಾಗಿದೆ.

ಡಬ್ಬಿಯ ಸೆಟ್ಟಿಂಗ್ ತೆರೆದು ಸೌಂಡ್ ಎಂದಿದ್ದ ಕಡೆ ಹೊಕ್ಕೆ. ಅಲ್ಲಿ ಸರೌಂಡ್ ಎಂದು ಗುರುತು ಬಿದ್ದಿತ್ತು. ಮಗಳಿಗೆ ಫೋನ್ ಮಾಡಿ ಕೇಳಿ ಖಾತ್ರಿ ಮಾಡಿಕೊಂಡೆ. ಈಗಿನ ಸಿನಿಮಾದ ಸದ್ದನ್ನು ಕೋಣೆಯ ಸುತ್ತ ಇಡುವ ಆರು ಸ್ಪೀಕರುಗಳಿಗೆ ಪಾಲು ಮಾಡಿರುತ್ತಾರೆ, ಮಾತೆಲ್ಲ ನಟ್ಟನಡುವಿನದರ ಪಾಲಿಗೆ. ನಮ್ಮ ಟಿವಿಗೆ ಇರುವುದು ಎರಡೇ. ಆರು ಎಲೆ ಹಾಕಿ ಬಡಿಸಿದ್ದಾರೆ, ಉಣ್ಣಲು ಕೂತವರು ಇಬ್ಬರು, ಸಾರೆಲ್ಲ ಯಾರೂ ಕೂರದ ನಡುವಿನ ಎಲೆಗೆ ಹೋಗಿದೆ. ಸರೌಂಡ್ ತೆಗೆದು ಸ್ಟೀರಿಯೋಗೆ ಗುರುತು ಹಾಕಿದೆ. ಸಿನಿಮಾ ಹಚ್ಚಿದೆ. ಮಾತು ಬಂತು!

ಬಂತು, ಆದರೆ ಕೌದಿ ಹೊದ್ದುಕೊಂಡು ಮಾತಾಡಿದ ಹಾಗೆ ಬಂತು. ಅರ್ಧ ಗೆದ್ದು ಬಿಡುವವಳಲ್ಲ ನಾನು. ಈ ಟಿವಿಯ ಸ್ಪೀಕರ್ ಇರುವುದು ಕೆಳಗಡೆ ಎಂದು ಗೊತ್ತಿತ್ತು. ಅಂಚಿನ ಕೆಳಗೆ ಬೆರಳಾಡಿಸಿದೆ. ತೂತು ಸಿಗಬೇಕಾದ ಕಡೆ ನುಣ್ಣಗೆ ಏನೋ ತಾಗಿತು. ಬಗ್ಗಿ ನೋಡಿದೆ. ಈ ತುದಿಯಿಂದ ಆ ತುದಿಯವರೆಗೆ ಕಂದು ಬಣ್ಣದ ಅಗಲ ಟೇಪು, ಒಂದರ ಮೇಲೊಂದು, ಸುಕ್ಕಿಲ್ಲದಂತೆ ಅಂಟಿಸಿದ್ದು.

ಆ ಕೈಚಳಕ ಯಾರದೆಂದು ಕೇಳಬೇಕಾಗಿರಲಿಲ್ಲ. ಕಲ್ಲಿನ ಧೂಳಿನ ಊರು ನಮ್ಮದು. ಇಲ್ಲಿ ಹೊಸ ಸಾಮಾನು ಬಂದರೆ ಕುಂಕುಮಕ್ಕಿಂತ ಮೊದಲು ಹೊದಿಕೆ ಬೀಳುತ್ತದೆ. ಮಿಕ್ಸರಿಗೆ ಗವಸು, ಫ್ರಿಜ್ಜಿಗೆ ಲಂಗ, ಎಲ್ಲ ನಾನೇ ಹೊಲಿದದ್ದು. ಇವರು ಕಾರ್ಖಾನೆಯಲ್ಲಿ ಸ್ವಿಚ್ ಪೆಟ್ಟಿಗೆಯ ಸಂದುಗಳಿಗೆ ಟೇಪು ಸುತ್ತಿ ರೂಢಿಯಾದವರು. ಗೋಡೆಗೆ ಏರಿಸುವ ಮುನ್ನ ಟಿವಿಯನ್ನು ಮಂಚದ ಮೇಲೆ ಬೋರಲು ಮಲಗಿಸಿ ಕಂಡ ತೂತನ್ನೆಲ್ಲ ಮುಚ್ಚಿದ್ದರು.

"ಏನ್ರಿ ಇದು?" ಎಂದು ಇವರನ್ನು ಕೂಗಿ ಕೇಳಿದೆ.

"ಬಂದೋಬಸ್ತ್," ಎಂದರು ಇವರು. "ಧೂಳ ಹೋಗಬಾರದಂತ."

"ಧೂಳ ಒಳಗ ಹೋಗಿಲ್ಲ, ಖರೆ. ಸದ್ದೂ ಹೊರಗ ಬಂದಿಲ್ಲ ನೋಡ್ರಿ."

ವಾರ್ತೆ ಓದುವವರು ಹೇಗೂ ಅರಚುತ್ತಾರೆ, ಟೇಪನ್ನೂ ದಾಟಿ ಬರುತ್ತಿದ್ದರು. ಮೆಲ್ಲಗೆ ಮಾತಾಡುವವರು ಸಿಕ್ಕಿಬಿದ್ದಿದ್ದರು. ಪರಪರ ಟೇಪು ಕಿತ್ತೆ. ನಮ್ಮ ಗುಡಿಯ ಭಜನಾ ಮೇಳ ಹಿಂದೊಮ್ಮೆ ನಾಲವಾರದ ಮಠದಲ್ಲಿ ಹಾಡಿದ್ದನ್ನು ಯಾರೋ ಮೊಬೈಲಿನಲ್ಲಿ ಹಿಡಿದಿದ್ದರು. ಆ ಪೆನ್ ಡ್ರೈವ್ ಚುಚ್ಚಿ ಮಾವನನ್ನು ಕರೆದೆ. ಮಾವ ಬಂದು ಗೋಡೆಗೊರಗಿ ಕೂತರು. ಅವರ ತಬಲಾ ಮನೆ ತುಂಬಿತು.

"ಜರಾ ಕಮ್ಮಿ ಮಾಡವ್ವಾ," ಎಂದರು. ಸ್ವಲ್ಪ ಕೇಳಿ, "ಹಾರ್ಮೋನಿಯಂದಾಂವ ಶ್ರುತಿ ಒಂದ್ ಮನಿ ಮ್ಯಾಲ ಹಿಡದಾನ. ನಾ ಅವತ್ತೇ ಹೇಳಿದ್ದೆ," ಎಂದರು.

ನಾನು ಇವರ ಕಡೆ ನೋಡಿದೆ. ಇವರು ಟೇಪಿನ ಉಂಡೆಯನ್ನು ಕೈಯಲ್ಲಿ ಹಿಡಿದು ನಿಂತಿದ್ದರು. "ಅಪ್ಪಾ, ಟಿವಿದೇ ತಪ್ಪಿತ್ತು. ಸುತ್ತಿಗಿ ತರ್ತೀನಿ, ಶನಿವಾರ ನೀನೇ ಕುಂದ್ರು," ಎಂದು ಎಂದಿನಂತೆ ಕೂಗಿದರು.

ಮಾವ ಟಿವಿಯಿಂದ ಕಣ್ಣು ತೆಗೆಯಲಿಲ್ಲ. "ನಾ ಸುತ್ತಿಗಿ ಕೊಟ್ಟಿದ್ದು ಟಿವಿ ಸಲುವಾಗಿ ಅಲ್ಲೋ. ಅವತ್ತ ಅಡಗಿಮನ್ಯಾಗ ಸಣ್ಣ ದನಿಲೆ ಅಂದೆಲ್ಲ, ಮಾರಿ ಎಲ್ಲಿ ಇಟ್ಕೊಳ್ಲಿ ಅಂತ. ಕಟ್ಟಿ ಮ್ಯಾಲ ಕುಂತಾವಗ ಅದು ಬರೋಬರಿ ಕೇಳಿಸ್ತು."

ಕಿವಿ ಸರಿಯಾಗಿದೆ ಎಂದು ಇಡೀ ಮಧ್ಯಾಹ್ನ ಸಾಬೀತು ಮಾಡುತ್ತಿದ್ದವಳಿಗೆ, ಆ ಕಿವಿಗೆ ಏನೇನು ಬಿದ್ದಿರಬಹುದು ಎಂಬುದು ಹೊಳೆದೇ ಇರಲಿಲ್ಲ. ನನಗೆ ಅಳು ಬಂತು.

ಇವರು ನಿಧಾನಕ್ಕೆ ಮಾವನ ಪಕ್ಕ ಕೂತರು. ತಲೆ ತಗ್ಗಿಸಿ, ನನಗೇ ಕೇಳಿಸದಷ್ಟು ಮೆಲ್ಲಗೆ ಏನೋ ಅಂದರು.

ಮಾವ ಕಿವಿಯ ಹಿಂದೆ ಕೈ ಇಟ್ಟು ಮಗನ ಕಡೆ ವಾಲಿದರು. ಮೀಸೆಯ ತುದಿಯಲ್ಲಿ ನಗುವಿತ್ತು.

"ಏನಂದಿ? ಕೇಳಲಿಲ್ಲ. ಜರಾ ಜೋರ್ ಹೇಳು."

ಇವರು ಹೇಳಿದರು, "ತಪ್ಪಾತು ಅಪ್ಪಾ." ಓಣಿಗೆಲ್ಲ ಕೇಳಿಸಿತು.