ಪರದೆ ಅಂಚಿನ ಪೆನ್ನಿಗಳು

ಗಾರ್ಮೆಂಟಿನವರು, ಲಾರಿಯವರು ಎಲ್ಲ ಸೇರಿದ ನಮ್ಮ ಕಾರ್ಮಿಕ ಸಂಘದಲ್ಲಿ ಅವಳನ್ನು ಹೆಸರು ಹಿಡಿದು ಕರೆದವರಿಲ್ಲ. ಭೂತಗನ್ನಡಿ ಎಂದರೆ ಗೇಟಿನ ಕಾವಲುಗಾರನಿಗೂ ಗೊತ್ತು. ಗಾರ್ಮೆಂಟ್ ಕಾರ್ಖಾನೆಯಲ್ಲಿ ಚೆಕ್ಕರ್ ಕೆಲಸ ಅವಳದು. ಹೊಲಿದ ಅಂಗಿಗಳು ಮೇಜಿನ ಮೇಲೆ ರಾಶಿ ಬೀಳುತ್ತಿದ್ದವು. ಕಾಲರ್ ಮಗುಚಿ, ತೋಳು ಜಗ್ಗಿ ನೋಡಿ, ತಪ್ಪು ಕಂಡಲ್ಲಿ ಸೀಮೆಸುಣ್ಣದ ಗುರುತು ಹಾಕಿ ಪಕ್ಕಕ್ಕೆ ಎಸೆಯಬೇಕು. ಅಂಗಿಯನ್ನು ಮುಖಕ್ಕೆ ಎಷ್ಟು ಹತ್ತಿರ ಹಿಡಿಯುತ್ತಿದ್ದಳೆಂದರೆ, ಇವಳೇನು ಬಟ್ಟೆ ಮೂಸುತ್ತಾಳಾ ಎಂದು ಹೊಸದಾಗಿ ಸೇರಿದವರು ಕಿಸಿಯುತ್ತಿದ್ದರು.

ಅವಳದೊಂದು ಕಟ್ಟಳೆ ಇತ್ತು. ಒಂದು ಅಂಗಿಯಲ್ಲಿ ಹೊಲಿಗೆ ಬಿಟ್ಟಿದ್ದರೆ ತಪ್ಪು ಕೈಯದು. ಎರಡು ಅಂಗಿಯಲ್ಲಿ ಅದೇ ಜಾಗದಲ್ಲಿ ಬಿಟ್ಟಿದ್ದರೆ ತಪ್ಪು ಮೆಷಿನ್ನಿನದು. ಮೆಷಿನ್ನಿನ ತಪ್ಪನ್ನು ಹೊಲಿಯುವವರ ತಲೆಗೆ ಕಟ್ಟಿದ ವರ್ಷ ನಾವು ಗೇಟಿನ ಮುಂದೆ ಕೂತೆವು. ಗಂಟಲು ಹರಿದುಕೊಂಡವರು ನಾವು. ಒಂದೇ ಜಾಗದಲ್ಲಿ ಹೊಲಿಗೆ ಬಿಟ್ಟ ಅಂಗಿಗಳ ಗಂಟನ್ನು ಹೊತ್ತು ತಂದು ಎಲ್ಲರೆದುರು ಬಿಚ್ಚಿದವಳು ಅವಳು. ಮೈಕ್ ಕೊಟ್ಟರೆ, "ನಂಗೆ ಬಾಯಿಲ್ಲ, ಕಣ್ಣಿದೆ ಅಷ್ಟೆ" ಎಂದು ಪಕ್ಕದವಳ ಕೈಗೆ ದಾಟಿಸಿದಳು.

ಆ ಕಣ್ಣಿಗೇ ಕೊನೆಗೆ ಏಟು ಬಿತ್ತು. ಕೆಲಸದ ಕೊನೆಯ ವರ್ಷ, "ಇಲ್ಲದ ತಪ್ಪು ಹುಡುಕ್ತಾಳೆ" ಎಂದು ಸೂಪರ್‌ವೈಸರ್ ಅವಳನ್ನು ಮೇಜಿನಿಂದ ಎಬ್ಬಿಸಿ ಪ್ಯಾಕಿಂಗಿಗೆ ಹಾಕಿದ. ಅವಳು ಜಗಳಕ್ಕೆ ಹೋಗಲಿಲ್ಲ. ಆದರೆ ಆ ಮಾತು ಮೀನಿನ ಮುಳ್ಳಿನ ಹಾಗೆ ಗಂಟಲಲ್ಲೇ ನಿಂತಿತು.

ನಾಣ್ಯದ ಹುಚ್ಚು ಅವಳಿಗೆ ಹಿಡಿದದ್ದು ಸಂಘದ ಕಟ್ಟಡದಿಂದಲೇ. ಅದು ಮೊದಲು ನಾಟಕದ ಹಾಲ್. ವೇದಿಕೆಗೆ ಕಡುಗೆಂಪು ಮಖಮಲ್ಲಿನ ಪರದೆ, ಎರಡು ಪಾಲು. ಬಲಗಡೆಯ ಪಾಲನ್ನು ಇಲಿ ಕಡಿದು ಜರಡಿ ಮಾಡಿದಾಗ ಕಸಕ್ಕೆ ಹಾಕಿದೆವು. "ಚೀಲ ಹೊಲಿಯೋಕಾಗುತ್ತೆ" ಎಂದು ಇವಳು ಹೊತ್ತುಕೊಂಡು ಹೋದಳು. ಮನೆಯಲ್ಲಿ ಅಂಚು ಬಿಚ್ಚಿದರೆ ಉದ್ದಕ್ಕೂ ಪುಟ್ಟ ಜೇಬುಗಳು. ಒಂದೊಂದರಲ್ಲೂ ಒಂದೊಂದು ಹಳೇ ಬ್ರಿಟಿಷ್ ಪೆನ್ನಿ. ಪರದೆ ಗಾಳಿಗೆ ಎದ್ದಾಡದಿರಲೆಂದು ಯಾವುದೋ ಕಾಲದಲ್ಲಿ ಭಾರಕ್ಕೆ ಹಾಕಿದ್ದು. ಒಂದು ಕಡೆ ರಾಣಿಯ ತಲೆ, ಇನ್ನೊಂದು ಕಡೆ ತ್ರಿಶೂಲ ಹಿಡಿದು ಕೂತ ಹೆಂಗಸು. "ಇವಳೂ ಯಾವ್ದೋ ಗೇಟಿನ ಮುಂದೆ ಕೂತಿದಾಳೆ ನೋಡು" ಎಂದು ತನ್ನ ಅಕ್ಕನಿಗೆ ತೋರಿಸಿದಳಂತೆ.

ಹೆಚ್ಚುಕಡಿಮೆ ಎಲ್ಲವೂ ಒಂದೇ ಇಸವಿಯವು. ಯಾರೋ ಚೀಲದ ಬಾಯಿ ಬಿಚ್ಚಿ ಹಾಗೇ ಸುರಿದು ಹೊಲಿದಿರಬೇಕು. ಬೇರೆಯವರಾಗಿದ್ದರೆ ಒಂದನ್ನು ಇಟ್ಟುಕೊಂಡು ಉಳಿದದ್ದನ್ನು ಗುಜರಿಗೆ ಹಾಕುತ್ತಿದ್ದರು. ಇವಳು ಸಾಲಾಗಿ ಜೋಡಿಸಿ, ಅಂಗಿ ನೋಡಿದ ಹಾಗೆ ನೋಡಿದಳು. ಒಂದೇ ಇಸವಿಯಾದರೂ ಒಂದರ ಹಾಗೆ ಒಂದಿರಲಿಲ್ಲ. ಒಂದರಲ್ಲಿ ಇಸವಿಯ ಅಂಕಿಗಳು ಒತ್ತಾಗಿ ಕೂತಿದ್ದರೆ ಇನ್ನೊಂದರಲ್ಲಿ ಮುನಿಸಿಕೊಂಡವರ ಹಾಗೆ ದೂರದೂರ. ಹಳೇ ಪುಸ್ತಕದಂಗಡಿಯಿಂದ ನಾಣ್ಯದ ಪುಸ್ತಕ ತಂದು, ಚಿತ್ರ ನೋಡಿ, ಇಂಗ್ಲಿಷ್ ಗೊತ್ತಿದ್ದವರಿಂದ ಓದಿಸಿಕೊಂಡು ಗುಟ್ಟು ತಿಳಿದಳು. ಆ ಕಾಲದಲ್ಲಿ ಉಕ್ಕಿನ ಅಚ್ಚಿಗೆ ಇಸವಿಯ ಅಂಕಿಯನ್ನು ಮನುಷ್ಯನೇ ಕೈಯಿಂದ ಹೊಡೆದು ಕೂರಿಸುತ್ತಿದ್ದ. ಕೈ ಜಾರಿದರೆ ಅಂಕಿ ಸೊಟ್ಟ. ಸರಿಮಾಡಲು ಮತ್ತೆ ಹೊಡೆದರೆ ಹೊಸ ಅಂಕಿಯ ಕೆಳಗೆ ಹಳೆಯದರ ನೆರಳು. ಆ ಅಚ್ಚು ಸವೆದು ಬಿಸಾಡುವವರೆಗೆ ಅದರಿಂದ ಬಿದ್ದ ಪ್ರತಿ ನಾಣ್ಯದಲ್ಲೂ ಅದೇ ನೆರಳು. "ಪಾಪ, ಅಲ್ಲೂ ಒಬ್ಬ ಬೈಸ್ಕೊಂಡಿರ್ತಾನೆ" ಎಂದಳು.

ಅವಳಿಗೆ ಹುಚ್ಚು ಹಿಡಿದ ಸ್ವಲ್ಪ ದಿನಕ್ಕೆ ಅವಳ ಭಾವನಿಗೂ ಹಿಡಿಯಿತು. ಅಕ್ಕನ ಗಂಡ. ಬಸ್ಸು, ಲಾರಿಗಳ ಸೀಟು ಹೊಲಿಯುವವನು, ಸಂಘದ ಸದಸ್ಯನೂ ಹೌದು. ನಮ್ಮ ಹಾಲಿನ ಕುರ್ಚಿಗಳಿಗೆ ರೆಕ್ಸಿನ್ ಹೊಲಿದವನೂ ಅವನೇ, ಹಾಗಾಗಿ ಒಂದು ಬೀಗದ ಕೈ ಅವನ ಹತ್ತಿರ ಇತ್ತು. ಅವನಿಗೆ ಅಂಕಿ, ಅಚ್ಚು ಯಾವುದೂ ಬೇಡ. ಹೊಳೆದರೆ ಒಳ್ಳೆಯದು, ಹೊಳೆಯದಿದ್ದರೆ ಕೆಟ್ಟದ್ದು. ಡಬ್ಬ ತುಂಬಿಸಿಟ್ಟು ಕುಲುಕಿ ಸಂತೋಷಪಡುತ್ತಿದ್ದ.

ಜಗಳ ಹುಟ್ಟಿದ್ದು ಒಂದು ಪೆನ್ನಿಯ ಕೊನೆಯ ಅಂಕಿಯ ಮೇಲೆ. ಅದು ಎಂಟು. ಅದರ ಕೆಳಗೆ, ಎಡಕ್ಕೆ ಕೂದಲೆಳೆಯಷ್ಟು ಜರುಗಿ, ಇನ್ನೊಂದು ಎಂಟಿನ ಬುಡ ಇದೆ ಎಂದು ಅವಳ ವಾದ. ಪುಸ್ತಕದಲ್ಲಿ ಅಂಥದ್ದರ ಚಿತ್ರ ಇರಲಿಲ್ಲ. ಕಷ್ಟ ಏನೆಂದರೆ ಪರದೆಯ ಅಂಚು ವರ್ಷಗಟ್ಟಲೆ ಒದ್ದೆ ನೆಲ ಗುಡಿಸಿ, ನಾಣ್ಯದ ಆ ಜಾಗಕ್ಕೇ ಹಸಿರು ಕಿಲುಬು ಹಿಡಿದಿತ್ತು. ನಾವೆಲ್ಲ ನೋಡಿದೆವು. ಒಬ್ಬನಿಗೆ ಕಂಡಿತು, ಒಬ್ಬನಿಗೆ ಕಾಣಲಿಲ್ಲ. ಫೋನಿನಲ್ಲಿ ಚಿತ್ರ ತೆಗೆದು ದೊಡ್ಡದು ಮಾಡಿದರೆ ಹಸಿರು ಚುಕ್ಕೆಯೇ ದೊಡ್ಡದಾಯಿತು. ಅದೇ ಸಮಯಕ್ಕೆ ಕಣ್ಣಿನ ಡಾಕ್ಟರು ಅವಳ ಎರಡೂ ಕಣ್ಣಿಗೆ ಪೊರೆ ಬಂದಿದೆ, ಆಪರೇಷನ್ ಆಗಬೇಕು ಎಂದರು.

ಭಾವನಿಗೆ ಅಷ್ಟು ಸಾಕಾಯಿತು. ಅಕ್ಕನ ಮನೆಯಲ್ಲಿ ಊಟಕ್ಕೆ ಕೂತಲ್ಲೇ ಶುರು ಮಾಡಿದ.

"ಪೊರೆ ಬಂದೋರಿಗೆ ಒಂದು ದೀಪ ಎರಡಾಗಿ ಕಾಣುತ್ತಂತೆ. ನಿಂಗೆ ಒಂದು ಎಂಟು ಎರಡಾಗಿದೆ. ಬಿಡಮ್ಮ ಅತ್ಲಾಗೆ."

"ದೀಪ ಎರಡಾಗಿ ಕಾಣುತ್ತೆ ಭಾವ, ಸುಳ್ಳಲ್ಲ. ಹಂಗಂತ ಪಕ್ಕದಲ್ಲಿರೋ ಆರು ಎರಡಾಗಿಲ್ಲ. ಎಂಟೇ ಯಾಕೆ ಎರಡಾಗ್ಬೇಕು?"

"ಕಿಲುಬು ಕಣೇ ಅದು."

"ಕಿಲುಬಿಗೆ ಅಂಕಿ ಬರಿಯೋಕೆ ಬರುತ್ತಾ?"

"ಮೊದ್ಲು ಆಪರೇಷನ್ ಮಾಡಿಸ್ಕೋ, ಆಮೇಲೆ ಮಾತಾಡು" ಎಂದಳು ಅಕ್ಕ, ಅನ್ನ ಬಡಿಸುತ್ತ.

"ಮಾಡಿಸ್ಕೊಂಡ ಮೇಲೆ ಕಂಡ್ರೆ ಅದು ಹೊಸ ಕಣ್ಣಿಂದು, ಈಗ ಹೇಳಿದ್ದು ಸುಮ್ನೆ ಬಡ್ಕೊಂಡಿದ್ದು ಅಂತಾಗುತ್ತೆ. ಕಾರ್ಖಾನೇಲಿ ಅಂದಿದ್ದೂ ಅದೇ. ಈ ಕಣ್ಣಲ್ಲಿ ಕಂಡಿದ್ದಕ್ಕೆ ಈ ಕಣ್ಣು ಇರುವಾಗ್ಲೇ ತೀರ್ಮಾನ ಆಗ್ಲಿ."

ತೀರ್ಮಾನಕ್ಕೆ ದಾರಿ ಒಂದೇ, ಅವಳದೇ ಹಳೇ ಕಟ್ಟಳೆ. ಒಂದು ನಾಣ್ಯದಲ್ಲಿದ್ದರೆ ಅದು ಕಿಲುಬು. ಇನ್ನೊಂದರಲ್ಲಿ ಅದೇ ಜಾಗದಲ್ಲಿ ಇದ್ದರೆ ಅದು ಅಚ್ಚು. ಅವಳ ರಾಶಿಯಲ್ಲಿ ಅಂಥದ್ದು ಇನ್ನೊಂದಿರಲಿಲ್ಲ. ಎರಡನೆಯದು ಎಲ್ಲಾದರೂ ಸಿಗುವುದಿದ್ದರೆ, ಅದೇ ಚೀಲದಿಂದ ಸುರಿದು ಹೊಲಿದ ಪರದೆಯ ಎಡಪಾಲಿನಲ್ಲೇ ಸಿಗಬೇಕು. ಆ ಪಾಲು ಹಾಲಿನಲ್ಲಿ ಇನ್ನೂ ತೂಗುತ್ತಿತ್ತು. ಆಪರೇಷನ್ನಿನ ದಿನ ಹತ್ತಿರ ಬರುತ್ತಿತ್ತು.

ಸಂಘದ ಸಭೆಗೆ ಬಂದು ಕೇಳಿದಳು. ಒಂದು ಅಂಚು ಬಿಚ್ಚುವುದಕ್ಕೆ ನಾವು ಆಡಿದ ಮಾತು, ಗೇಟಿನ ಮುಂದೆ ತಿಂದ ಲಾಠಿ ಏಟಿನ ವಿಷಯದಲ್ಲೂ ಆಡಿರಲಿಲ್ಲ.

"ನಾಣ್ಯ ತಗೊಂಡ್ಹೋಗ್ತೀಯಾ?" ಎಂದ ಅಧ್ಯಕ್ಷ, ಲಾರಿ ಓಡಿಸಿ ಧ್ವನಿ ಒಡೆದವನು.

"ಇಲ್ಲ. ನೋಡ್ತೀನಿ, ಅಲ್ಲೇ ಹಾಕಿ ಹೊಲೀತೀನಿ. ಹಾಲಿಂದು ಹಾಲಿಗೇ."

"ಬರೀ ನೋಡೋಕಾ?"

"ನಾನು ಜನ್ಮ ಪೂರ್ತಿ ಮಾಡಿದ್ದು ಅದೇ ತಾನೆ?"

ವಿರೋಧ ಮಾಡಿದವನು ಭಾವ ಒಬ್ಬನೇ. ಹಳೇ ಬಟ್ಟೆ, ಮುಟ್ಟಿದರೆ ಹರಿಯುತ್ತೆ, ನಾಳೆ ಕಾರ್ಯಕ್ರಮಕ್ಕೆ ಪರದೆ ಇರಲ್ಲ ಎಂದು ತಡಬಡಾಯಿಸಿದ. ಕೈ ಎತ್ತಿಸಿದೆವು. ವಿರೋಧಕ್ಕೆ ಎದ್ದದ್ದು ಅವನದೊಂದೇ ಕೈ.

ಮರುದಿನ ಬೆಳಿಗ್ಗೆ ಕಿಟಕಿ ತೆರೆದು, ಪರದೆಯ ಅಂಚನ್ನು ಮೊಣಕಾಲ ಮೇಲೆ ಎಳೆದುಕೊಂಡು ಕೂತಳು. ಸೂಜಿ ಹಾಕುವ ಮೊದಲೇ ಅವಳ ಕೈ ನಿಂತಿತು. ತಾನು ಬಿಚ್ಚಿದ ಬಲಪಾಲಿನದು ಸಣ್ಣ ಹತ್ತಿ ದಾರ. ಇಲ್ಲಿದ್ದದ್ದು ಮೇಣ ಹಚ್ಚಿದ ದಪ್ಪ ನೈಲಾನ್. ಹೊಲಿಗೆ ಮುಗಿದಲ್ಲಿ ಹಿಂದಕ್ಕೆ ಬಂದು ಹಾಕಿದ ಗಂಟು. ಬಿಚ್ಚಿದಳು. ಮೊದಲ ಜೇಬಿನಿಂದ ಕೈಗೆ ಬಿದ್ದದ್ದು ಕಬ್ಬಿಣದ ವಾಷರ್. ಎರಡನೆಯದರಲ್ಲೂ ವಾಷರ್. ಕೊನೆಯವರೆಗೂ ಲಾರಿಗೆ ಹಾಕುವ ವಾಷರ್‌ಗಳೇ.

ವಾಷರ್‌ಗಳನ್ನು ಚೀಲಕ್ಕೆ ಹಾಕಿಕೊಂಡು ಎದ್ದಳು. ಚೀಲವೂ ಆ ಬಲಪಾಲಿನ ಮಖಮಲ್ಲಿನದೇ. ನೆಟ್ಟಗೆ ಅಕ್ಕನ ಮನೆಗೆ ಹೋಗಿ, ಭಾವನ ಮುಂದೆ ಮೇಜಿನ ಮೇಲೆ ಸುರಿದಳು. ಮುಂದೆ ನಡೆದದ್ದನ್ನು ಅಕ್ಕ ಊರಿಗೆಲ್ಲ ಹೇಳಿದ್ದಾಳೆ, ನನಗೂ ಹೇಳಿದ್ದಾಳೆ.

"ಏನಿದು?" ಎಂದ ಭಾವ.

"ನಿಮ್ಮ ಹೊಲಿಗೆ ಚೆನ್ನಾಗಿದೆ ಭಾವ. ಒಂದು ಕಡೇನೂ ಬಿಟ್ಟಿಲ್ಲ."

ಅವನು ಒಂದು ವಾಷರ್ ತಿರುಗಿಸಿ ನೋಡಿದ. ಆಮೇಲೆ, "ಭಾರಕ್ಕೆ ಭಾರ ಹಾಕಿದೀನಲ್ಲ, ಪರದೆ ಏನು ಹಾರಿಹೋಯ್ತಾ?" ಎಂದ.

"ಅದನ್ನ ಸಂಘದಲ್ಲಿ ಹೇಳಿ. ನಂಗೆ ಡಬ್ಬ ಬೇಕು."

ಅವನು ಮೇಲೇಳಲಿಲ್ಲ. ಕೊಟ್ಟರೆ ಕಳ್ಳ ಎಂದು ಒಪ್ಪಿಕೊಂಡಂತೆ, ಅದರ ಮೇಲೆ ನಾದಿನಿಯ ಮಾತು ಗೆದ್ದರೆ ಎರಡು ಹೊಡೆತ. ಎದ್ದವಳು ಅಕ್ಕ. ಬೀರು ತೆಗೆದು ಡಬ್ಬ ತಂದು ಕುಕ್ಕಿದಳು. "ಇಷ್ಟು ವರ್ಷ ಇದರ ಧೂಳು ಒರೆಸಿದೀನಲ್ಲ ನಾನು" ಎಂದಳು, ಅಷ್ಟೆ.

ಒಣ ಬೀರುವಿನಲ್ಲಿದ್ದ ಪೆನ್ನಿಗಳು, ಕಿಲುಬಿಲ್ಲ. ಅವಳು ಒಂದೊಂದನ್ನೇ ಮುಖಕ್ಕೆ ಹಿಡಿದು ಪಕ್ಕಕ್ಕಿಡುತ್ತ ಹೋದಳು. ಕಣ್ಣಲ್ಲಿ ನೀರಿಳಿದರೆ ಒರೆಸಿಕೊಂಡು ಮತ್ತೆ ನೋಡಿದಳು. ಅಳುವಲ್ಲ, ಪೊರೆಯ ಕಣ್ಣಿನ ಆಯಾಸ. ರಾಶಿ ತಳ ಕಾಣುವ ಹೊತ್ತಿಗೆ ಒಂದನ್ನು ಇಟ್ಟುಕೊಂಡು, ಕಿಟಕಿಯ ಬೆಳಕಿಗೆ ತಿರುಗಿಸಿ, ತನ್ನದನ್ನು ಪಕ್ಕದಲ್ಲಿ ಇಟ್ಟಳು. ಚೀಲದಿಂದ ನಿಜವಾದ ಭೂತಗನ್ನಡಿಯನ್ನು ತೆಗೆದು ಭಾವನ ಕಡೆ ತಳ್ಳಿದಳು.

"ನಿಮ್ಮ ಕಣ್ಣಿಗೇನೂ ಆಗಿಲ್ವಲ್ಲ. ನೋಡಿ."

ಅವನು ತುಂಬ ಹೊತ್ತು ನೋಡಿದ. ಒಂದು ಕಣ್ಣು ಮುಚ್ಚಿ ನೋಡಿದ, ಇನ್ನೊಂದು ಮುಚ್ಚಿ ನೋಡಿದ.

"ಇದೆ" ಎಂದ.

"ಏನಿದೆ?" ಎಂದಳು ಅಕ್ಕ.

"ಎರಡು ಎಂಟು. ಎಡಕ್ಕೇ ಜರುಗಿದೆ. ಇವಳದ್ರಲ್ಲಿ ಇರೋ ಹಂಗೇ."

ಭೂತಗನ್ನಡಿ ಕುಣಿಯಲಿಲ್ಲ. ಒಂದು ಲೋಟ ನೀರು ಕೇಳಿ ಕುಡಿದಳು. ಆಮೇಲೆ ಡಬ್ಬದ ಪೆನ್ನಿಗಳನ್ನೆಲ್ಲ, ಆ ಒಂದನ್ನೂ ಸೇರಿಸಿ, ಮಖಮಲ್ ಚೀಲಕ್ಕೆ ತುಂಬಿದಳು.

"ಅದನ್ನಾದ್ರೂ ಇಟ್ಕೋಳೇ" ಎಂದ ಭಾವ. "ಯಾರಾದ್ರೂ ಕೇಳಿದ್ರೆ ಜೋಡಿ ತೋರಿಸ್ಬೋದು."

"ಹಾಲಿಂದು ಹಾಲಿಗೆ ಅಂತ ಮಾತು ಕೊಟ್ಟಿದೀನಿ. ನಂಬದೋರು ಬಂದು ಹೊಲಿಗೆ ಬಿಚ್ಲಿ."

ಅವಳೇ ಹೊಲಿದಳು, ಹತ್ತಿ ದಾರದಲ್ಲಿ. ಆ ಪೆನ್ನಿ ಇರುವ ಜೇಬಿಗೆ ಮಾತ್ರ ಬಿಳಿ ದಾರದ ಒಂದು ಹೊಲಿಗೆ, ಗುರುತಿಗೆ. ಮುಂದಿನ ಸಭೆಯಲ್ಲಿ, "ಅಂಚಲ್ಲಿ ವಾಷರ್ ಇದ್ವು, ಈಗ ಪೆನ್ನಿ ಇದಾವೆ" ಎಂದು ಹೇಳಿ ಕೂತಳು. ವಾಷರ್ ಹಾಕಿದವರು ಯಾರು ಎಂದು ಯಾರೂ ಕೇಳಲಿಲ್ಲ. ಬಿಚ್ಚಿದ ನೈಲಾನ್ ದಾರ ಮೇಜಿನ ಮೇಲಿತ್ತು, ನಾವು ಕೂತಿದ್ದ ಕುರ್ಚಿಗಳಲ್ಲೂ ಅದೇ ದಾರ. ಭಾವ ತಾನಾಗಿ ಎದ್ದು ಬೀಗದ ಕೈ ತಂದು ಅಧ್ಯಕ್ಷನ ಮುಂದಿಟ್ಟ. "ಇಟ್ಕೋ ಮಾರಾಯ, ಕುರ್ಚಿ ಇನ್ಯಾರು ಹೊಲೀತಾರೆ" ಎಂದು ಅಧ್ಯಕ್ಷ ವಾಪಸ್ ತಳ್ಳಿದ.

ಆಪರೇಷನ್ ಆಯಿತು. ಕಪ್ಪು ಕನ್ನಡಕ ತೆಗೆಯಬಹುದು ಎಂದ ದಿನ ಅವಳನ್ನು ಹಾಲಿಗೆ ಕರೆದುಕೊಂಡು ಬಂದವನು ಭಾವನೇ. ಪರದೆಯ ಅಂಚು ಎತ್ತಿ ಹಿಡಿದು ಈ ತುದಿಯಿಂದ ಆ ತುದಿಗೆ ನೋಡುತ್ತ ಹೋದವಳು ನಡುವೆ ಒಂದು ಕಡೆ ನಿಂತಳು. ಸೂಜಿ ಕೇಳಿದಳು.

"ಏನಾಯ್ತು?" ಎಂದ ಭಾವ.

"ಒಂದು ಹೊಲಿಗೆ ಬಿಟ್ಟಿದೀನಿ."

"ಇನ್ನೆಲ್ಲಾದ್ರೂ ಬಿಟ್ಟಿದೆಯಾ ನೋಡು, ಮೆಷಿನ್ನಿನ ತಪ್ಪು ಅನ್ಬೋದು."

"ಒಂದೇ ಕಡೆ" ಎಂದಳು, ಬಿಚ್ಚುತ್ತ. "ಕೈಯದೇ ತಪ್ಪು."