ಹುಳುಕು ಮೇಷ್ಟ್ರು ಕೊಟ್ಟ ಪೂರ್ತಿ ಅಂಕ

ಹುಳುಕು ಮೇಷ್ಟ್ರು ಬೀದಿಗೆ ಕಾಲಿಟ್ಟರೆ ‘ಆದ್ದರಿಂದ’ ಎಂಬ ಪದವೇ ಹೆದರಿ ಗೋಡೆಯ ಮರೆಗೆ ಸರಿದು ನಿಲ್ಲುತ್ತಿತ್ತು ಎಂದು ಶಿಷ್ಯರು ಹೇಳುತ್ತಾರೆ. ಬಾಯಿ ಮುಚ್ಚಿಕೊಂಡು ಕೂತವನ ಮೌನದಲ್ಲೂ ಅವರು ಎರಡು ತಪ್ಪು ಹಿಡಿದಿದ್ದರಂತೆ. ಹಲ್ಲು ಕೀಳಿಸಿಕೊಳ್ಳುವಾಗ, ಬಾಯಿ ತುಂಬ ಹತ್ತಿ ತುರುಕಿದ್ದಾಗಲೂ, ದಂತವೈದ್ಯರ ಸಮಾಧಾನದ ಮಾತು ತರ್ಕಕ್ಕೆ ನಿಲ್ಲುವುದಿಲ್ಲವೆಂದು ಬೆರಳಾಡಿಸಿ ತೋರಿಸಿದ್ದರಂತೆ. ಇದಕ್ಕೆ ಮಾತ್ರ ಸಾಕ್ಷಿಯುಂಟು. ಅವರ ಹೆಂಡತಿ ಪಕ್ಕದಲ್ಲೇ ನಿಂತು ನಾಚಿಕೆಯಿಂದ ಕುಗ್ಗಿಹೋಗಿದ್ದರು.

ಕಾನೂನು ಕಾಲೇಜಿನ ಪ್ರವೇಶ ಪರೀಕ್ಷೆಗೆ ಮಕ್ಕಳನ್ನು ತಯಾರು ಮಾಡುವುದು ಮೇಷ್ಟ್ರ ಕಸುಬು. ಪಾಠ ನಡೆಯುತ್ತಿದ್ದುದು ಇಸ್ತ್ರಿ ಅಂಗಡಿಯ ಮೇಲಿನ ಕೋಣೆಯಲ್ಲಿ. ಕೆಳಗಿನ ಹಬೆ ಮೇಲೇರಿ ಕಪ್ಪುಹಲಗೆ ಸದಾ ಬೆವರುತ್ತಿತ್ತು. ಅದರ ಮೇಲೆ ಬರೆಯುವರು: ‘ಒಳ್ಳೆಯ ವಕೀಲರೆಲ್ಲ ಕನ್ನಡಕ ಹಾಕುತ್ತಾರೆ. ನಮ್ಮ ಚಿಕ್ಕಪ್ಪ ಕನ್ನಡಕ ಹಾಕುತ್ತಾರೆ. ಆದ್ದರಿಂದ ನಮ್ಮ ಚಿಕ್ಕಪ್ಪ ಒಳ್ಳೆಯ ವಕೀಲರು.’

“ಎಲ್ಲಿದೆ ಹುಳುಕು?”

“ಒಳ್ಳೆ ವಕೀಲರೆಲ್ಲ ಎಲ್ಲಿ ಕನ್ನಡಕ ಹಾಕ್ತಾರೆ ಸಾರ್? ಮೊದಲನೇ ಸಾಲೇ ಸುಳ್ಳು,” ಎಂದು ಪ್ರತಿ ವರ್ಷ ಯಾರಾದರೊಬ್ಬರು ಹಳ್ಳಕ್ಕೆ ಬೀಳುವರು.

“ಬಂದ್ರಪ್ಪ ಪತ್ತೇದಾರರು! ಕೊಟ್ಟಿದ್ದೆಲ್ಲ ನಿಜ ಅಂತ ಒಪ್ಕೋಬೇಕು, ಪರೀಕ್ಷೆಯ ನಿಯಮ ಅದು. ಅಲ್ಲಿಂದ ತೀರ್ಮಾನಕ್ಕೆ ಹಾರಿದಾರಲ್ಲ, ಆ ಹಾರಾಟ ಸರಿ ಇದೆಯಾ, ಅಷ್ಟೇ ನೋಡು. ಕನ್ನಡಕ ಹಾಕಿದೋರೆಲ್ಲ ವಕೀಲರಾ?”

ಈ ನಿಯಮ ಮೇಷ್ಟ್ರ ಮೈಗೇ ಹತ್ತಿಬಿಟ್ಟಿತ್ತು. ಷಡ್ಡಕನಿರಲಿ, ಹಾಲಿನವನಿರಲಿ, ಹೇಳಿದ ಸಂಗತಿಯನ್ನು ಕಣ್ಣುಮುಚ್ಚಿ ನಂಬಿ, ಹಾರಾಟವನ್ನಷ್ಟೇ ಅಳೆಯುವರು.

ಹೆಂಡತಿ ಮನೆಯ ಮುಂಗೋಣೆಯಲ್ಲಿ ಪರದೆ, ದಿಂಬಿನ ಗವಸು ಹೊಲಿದು ಕೊಡುತ್ತಿದ್ದರು. ಒಂದು ದಿನ ಯಂತ್ರ ನಿಲ್ಲಿಸಿ ಹೊಟ್ಟೆ ಒತ್ತಿ ಹಿಡಿದುಕೊಂಡರು.

“ಹೋದ ತಿಂಗಳೂ ಹೀಗೇ ನೋವು ಬಂದು ತಾನಾಗೇ ಹೋಯ್ತು. ಈ ಸಲಾನೂ ಹೋಗುತ್ತೆ ಬಿಡಿ.”

“ತಪ್ಪು!” ಮೇಷ್ಟ್ರು ಚಪ್ಪಾಳೆ ತಟ್ಟಿದರು. “ಹೋದ ಸಲ ಹೋಯ್ತು ಅಂತ ಈ ಸಲಾನೂ ಹೋಗ್ಬೇಕಾ? ಸೊನ್ನೆ. ಡಾಕ್ಟರಿಗೆ ತೋರಿಸು.”

“ಪಕ್ಕದ್ಮನೆಯವರಿಗೂ ಹೀಗೇ ಇತ್ತಂತೆ. ಬರೀ ಗ್ಯಾಸಂತೆ.”

“ಅವರ ಹೊಟ್ಟೆ ಬೇರೆ, ನಿನ್ನ ಹೊಟ್ಟೆ ಬೇರೆ. ಇದಕ್ಕೂ ಸೊನ್ನೆ.”

ನೋವಿನಲ್ಲೂ ಆಕೆ ನಕ್ಕುಬಿಟ್ಟರು. ಕೆಲವು ದಿನ ಕಳೆದು, ಒಂದು ಸಂಜೆ ಸೂಜಿಗೆ ದಾರ ಪೋಣಿಸುತ್ತ ಹೇಳಿದರು: “ದೊಡ್ಡದೇನಾದ್ರೂ ಇದ್ರೆ ಸ್ಕ್ಯಾನಲ್ಲಿ ಕಾಣಲೇಬೇಕಂತೆ. ದೊಡ್ಡಾಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿಸ್ದೆ, ಏನೂ ಕಾಣ್ಲಿಲ್ಲ. ಆದ್ದರಿಂದ ದೊಡ್ಡದೇನೂ ಇಲ್ಲ.”

ಮೇಷ್ಟ್ರು ಆ ವಾದವನ್ನು ಮಗುಚಿ, ತಿರುವಿ, ಬೆಳಕಿಗೆ ಹಿಡಿದು ನೋಡಿದರು. ಕೂದಲೆಳೆ ತೂರಿಸಲೂ ಸಂದಿರಲಿಲ್ಲ. ಇಷ್ಟು ವರ್ಷದ ಸಂಸಾರದಲ್ಲಿ ಹೆಂಡತಿಗೆ ಮೊದಲ ಸಲ ಪೂರ್ತಿ ಅಂಕ ಸಿಕ್ಕಿತು. ಮರುದಿನ ಬೆವರುವ ಹಲಗೆಯ ಮೇಲೂ ಅದನ್ನೇ ಬರೆದು, “ಕಲೀರಿ, ನಮ್ಮನೆಯವಳಿಂದ ಕಲೀರಿ!” ಎಂದು ಬೀಗಿದರು.

ಆ ವರ್ಷದ ಪರೀಕ್ಷೆ ಮುಗಿಯುವ ಹೊತ್ತಿಗೆ ಆಕೆಗೆ ಯಂತ್ರದ ಮುಂದೆ ಕೂರಲೂ ಆಗದಾಯಿತು. ಮೇಷ್ಟ್ರು ದೊಡ್ಡಾಸ್ಪತ್ರೆಗೆ ಕರೆದೊಯ್ದರು.

“ತುಂಬಾ ತಡ ಮಾಡಿದ್ರಿ,” ಎಂದರು ಡಾಕ್ಟರು. “ಮೊದಲೇ ಬಂದಿದ್ರೆ ಏನಾದ್ರೂ ಮಾಡಬಹುದಿತ್ತು.”

“ಇಲ್ಲೇ ಸ್ಕ್ಯಾನ್ ಮಾಡಿದ್ರಲ್ಲ? ಏನೂ ಇಲ್ಲ ಅಂದ್ರಲ್ಲ?”

“ಇಲ್ಲೇನಾ? ಇವರು ಇಲ್ಲಿಗೆ ಬಂದಿರೋದೇ ಇವತ್ತು ಮೊದಲು.”

ಮೇಷ್ಟ್ರು ಹೆಂಡತಿಯತ್ತ ತಿರುಗಿದರು. ಆಕೆ ಹಾಸಿಗೆಯ ಹೊದಿಕೆಯಂಚಿನ ಹೊಲಿಗೆಯನ್ನು ಉಗುರಿನಿಂದ ಕೆದಕುತ್ತಿದ್ದರು.

“ಬಾಗಿಲ ತನಕ ಬಂದಿದ್ದೆ ರೀ. ಒಳಗೆ ಹೋದ್ರೆ ಹೇಳಿಬಿಡ್ತಾರಲ್ಲ ಅಂತ ಭಯ ಆಯ್ತು. ನಿಮಗೇನು ಹೇಳೋದು ಅಂತ ದಾರಿಯುದ್ದಕ್ಕೂ ಜೋಡಿಸ್ಕೊಂಡು ಬಂದೆ.”

ಮೇಷ್ಟ್ರು ಹೊದಿಕೆಯನ್ನು ಆಕೆಯ ಭುಜದವರೆಗೆ ಎಳೆದು ಹೊದಿಸಿದರು.

ಆಕೆ ಹೆಚ್ಚು ದಿನ ಉಳಿಯಲಿಲ್ಲ. ಎಲ್ಲ ಮುಗಿದ ಮೇಲೆ, ಅಕ್ಕನ ಹೊಲಿಗೆ ಯಂತ್ರಕ್ಕೆ ಬಟ್ಟೆ ಹೊದಿಸುತ್ತಿದ್ದ ನಾದಿನಿಗೆ ತಡೆಯಲಾಗಲಿಲ್ಲ.

“ಊರೋರ ಮಾತಲ್ಲೆಲ್ಲ ಹುಳುಕು ಹುಡುಕ್ತೀರಲ್ಲ ಭಾವ! ಒಂದೇ ಒಂದು ಸಲ, ಆ ರಿಪೋರ್ಟ್ ಎಲ್ಲೇ ಅಂತ ನಮ್ಮಕ್ಕನ್ನ ಕೇಳೋಕಾಗ್ಲಿಲ್ವಾ ನಿಮಗೆ?”

“ಕೇಳಲಿಲ್ಲಮ್ಮ,” ಎಂದರು ಮೇಷ್ಟ್ರು. “ಚೆನ್ನಾಗಿ ಹೇಳಿದ್ಲು.”